ಕಾವಲಿನ ಕಾರ್ಖಾನೆಯೂ ಕಾಲೇಜಿನ ಬಾಗಿಲೂ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯವರು ಸ್ಥಾಪಿಸಿರುವ ಹೆಲಿಕಾಪ್ಟರ್ ಕಾರ್ಖಾನೆಯ ವಿಷಯವು ನಮ್ಮ ವಾಚಕರಿಗೆ ವಿದಿತವೇ ಆಗಿದೆ. 615 ಎಕರೆಗಳ ವಿಸ್ತಾರವುಳ್ಳ ಈ ಕಾರ್ಖಾನೆಗೆ 2016ನೆಯ ಇಸವಿ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ, 2023ನೆಯ ಇಸವಿ ಫೆಬ್ರವರಿ 6ನೆಯ ತಾರೀಖು ಪ್ರಧಾನಮಂತ್ರಿಗಳಾದ ಶ್ರೀ ನರೇಂದ್ರ ಮೋದಿಯವರಿಂದ ಪ್ರಾರಂಭೋತ್ಸವವು ನೆರವೇರಿತು. ಮೂರು ಟನ್ ವರ್ಗದ, ಒಂದೇ ಎಂಜಿನಿನ ಲಘು ಹೆಲಿಕಾಪ್ಟರುಗಳನ್ನು ಮೊದಲು ವರ್ಷಕ್ಕೆ 30ರಂತೆಯೂ, ಅನಂತರ ಹಂತಹಂತವಾಗಿ 60, 90ರಂತೆಯೂ ತಯಾರಿಸಬೇಕೆಂಬುದು ಪ್ರಾರಂಭಕಾಲದಲ್ಲಿ ಪ್ರಕಟವಾದ ಯೋಜನೆ. ಕಾವಲು ಎಂದರೆ ದನಕರುಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲು. ಅಂತಹ ಹೆಸರನ್ನು ಹೊತ್ತ ಭೂಮಿಯಲ್ಲಿ ಇಂದು ಆಕಾಶಯಾನದ ಯಂತ್ರಗಳು ಸಿದ್ಧವಾಗುತ್ತವೆಯೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಈ ಹೆಮ್ಮೆಗೆ ಪೂರ್ವಚರಿತ್ರೆಯೂ ಉಂಟು. 1940ನೆಯ ಇಸವಿ ಡಿಸೆಂಬರಿನಲ್ಲಿ, ದೇಶವು ಇನ್ನೂ ಪರಾಧೀನವಾಗಿದ್ದ ಕಾಲದಲ್ಲಿ, ಉದ್ಯಮಿಗಳಾದ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದವರ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಭಾರತೀಯರೂ ವಿಮಾನವನ್ನು ಕಟ್ಟಬಲ್ಲರೆಂದು ತೋರಿಸಿಕೊಟ್ಟ ಆ ಸಂಸ್ಥೆಯೇ 1964ರಲ್ಲಿ ಈಗಿನ ಹೆಸರನ್ನು ತಾಳಿತು. ಸ್ವದೇಶಿ ಎಂಬ ಮಾತಿಗೆ ಖಾದಿಯಲ್ಲಿ ಎಷ್ಟು ಅರ್ಥವಿತ್ತೋ ಅಷ್ಟೇ ಅರ್ಥವು ಈ ಉದ್ಯಮದಲ್ಲಿಯೂ ಇದೆಯೆಂದು ನಾವು ಭಾವಿಸುತ್ತೇವೆ.

ಆದರೆ ಸ್ವದೇಶಿ ಎಂಬುದು ಯಂತ್ರಕ್ಕೆ ಮಾತ್ರ ಸಲ್ಲತಕ್ಕ ವಿಶೇಷಣವಲ್ಲ. ಅದನ್ನು ಕಟ್ಟುವ ಕೈಗಳಿಗೂ, ಅದರ ನಕ್ಷೆಯನ್ನು ತೆಗೆಯುವ ಬುದ್ಧಿಗೂ ಸಲ್ಲಬೇಕು. ಆದಕಾರಣ ಈ ಕಾರ್ಖಾನೆಯನ್ನು ಕುರಿತು ನಾವು ಕೇಳಬೇಕಾದ ಪ್ರಶ್ನೆಯೊಂದುಂಟು. ಅದರ ಸುತ್ತಲಿನ ಹಳ್ಳಿಗಳಲ್ಲಿ ರಾಗಿಯ ಹೊಲವನ್ನೋ ತೆಂಗಿನ ತೋಟದ ಕೂಲಿಯನ್ನೋ ನೆಚ್ಚಿ ಬದುಕುವವರ ಮಕ್ಕಳು ಅದರೊಳಕ್ಕೆ ಹೋಗುವರೆ? ಹೋದರೂ ಎಂಜಿನಿಯರುಗಳಾಗಿ ಹೋಗುವರೋ, ಕಾವಲುಗಾರರಾಗಿ, ಕಸಗುಡಿಸುವವರಾಗಿ ಮಾತ್ರವೇ ಹೋಗುವರೋ? ಇದಕ್ಕೆ ಉತ್ತರವು ಕಾರ್ಖಾನೆಯ ಹೆಬ್ಬಾಗಿಲಿನಲ್ಲಿಲ್ಲ; ಬಹಳ ಹಿಂದೆ, ಹಳ್ಳಿಯ ಶಾಲೆಯಲ್ಲಿಯೂ ಕಾಲೇಜಿನ ಪ್ರವೇಶದಲ್ಲಿಯೂ ಇದೆ. ಇಂದು ನಾವು ಆ ವಿಚಾರವನ್ನೇ ಪ್ರಸ್ತಾಪಿಸಲು ಉದ್ದೇಶಿಸಿದ್ದೇವೆ.

ವಿದ್ಯಾರ್ಥಿಯೊಬ್ಬನು ಇಂತಹ ಉದ್ಯೋಗಕ್ಕೆ ಬರಬೇಕಾದರೆ ಮೂರು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ಶಾಲೆಯಿಂದ ಪಿ.ಯು.ಸಿ.ಯ ವಿಜ್ಞಾನ ತರಗತಿಯವರೆಗಿನ ಬಾಗಿಲು. ಎರಡನೆಯದು ಕಾಲೇಜಿನ ಪ್ರವೇಶ. ಮೂರನೆಯದು ಪದವಿಯಾದ ಮೇಲೆ ಉದ್ಯೋಗದ ಬಾಗಿಲು. ನಮ್ಮ ನಾಡಿನಲ್ಲಿ ನೂರು ವರ್ಷಗಳಿಂದ ನಡೆದಿರುವ ವಾದವಿವಾದವೆಲ್ಲವೂ ಬಹುಮಟ್ಟಿಗೆ ನಡುವಣ ಬಾಗಿಲನ್ನು ಕುರಿತದ್ದು. ಮೊದಲನೆಯದರ ಮುಂದೆ ನಿಂತು ಹಿಂದಿರುಗುವವರನ್ನೂ, ಮೂರನೆಯದರ ಮುಂದೆ ನಿಂತು ಬಾಗಿಲು ತಟ್ಟುವವರನ್ನೂ ಎಣಿಸಿ ನೋಡಿದವರು ಅಪರೂಪ. ವಿದ್ಯಾರ್ಥಿಯ ಹಿನ್ನೆಲೆಯಾದರೋ ಮೂರು ಬಾಗಿಲುಗಳಲ್ಲಿಯೂ ಅವನ ಬೆನ್ನ ಹಿಂದೆಯೇ ಇರುತ್ತದೆ.

ಮೊದಲನೆಯ ಬಾಗಿಲನ್ನು ನೋಡೋಣ. ಹಳ್ಳಿಯ ಸರ್ಕಾರೀ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಯೊಬ್ಬಳು ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳೆಂದು ಭಾವಿಸೋಣ. ವಿಜ್ಞಾನವನ್ನು ಓದಬೇಕೆಂದರೆ ಅವಳು ಪ್ರಾಯಶಃ ತಾಲ್ಲೂಕಿನ ಪಟ್ಟಣಕ್ಕೋ ತುಮಕೂರಿಗೋ ಹೋಗಬೇಕು. ಬಸ್ಸಿನ ವೇಳೆ, ವಿದ್ಯಾರ್ಥಿನಿಲಯದಲ್ಲಿ ಸ್ಥಳ, ಹೆಣ್ಣುಮಗಳನ್ನು ದೂರ ಕಳುಹಿಸಬಹುದೇ ಎಂಬ ತಂದೆತಾಯಿಗಳ ಅಂಜಿಕೆ, ಇವೆಲ್ಲವೂ ಅವಳ ಪರೀಕ್ಷೆಯ ವಿಷಯಗಳೇ. ಆದರೆ ಇವುಗಳಿಗೆ ಅಂಕಗಳಿಲ್ಲ. ಇದನ್ನೆಲ್ಲಾ ದಾಟಿ ತರಗತಿಯಲ್ಲಿ ಕುಳಿತರೆ, ನಿನ್ನೆಯವರೆಗೆ ‘ವೇಗೋತ್ಕರ್ಷ’ವೆಂದು ಕಲಿತಿದ್ದುದು ಇಂದು ‘ಆಕ್ಸಿಲರೇಷನ್’ ಆಗಿರುತ್ತದೆ. ತಿಳಿದ ವಿಷಯವೇ ತಿಳಿಯದ ಭಾಷೆಯಲ್ಲಿ ಎದುರು ನಿಲ್ಲುತ್ತದೆ. ಭಾಷೆಯನ್ನು ಹಿಡಿಯುವುದರಲ್ಲಿಯೇ ಅವಳ ಮೊದಲ ವರ್ಷವು ಕಳೆದುಹೋದರೆ ಆಶ್ಚರ್ಯವಿಲ್ಲ. ಅದೇ ಕಾಲದಲ್ಲಿ ಪಟ್ಟಣದ ಅಧಿಕಾರಿಯೊಬ್ಬರ ಮಗನು ಬೆಳಿಗ್ಗೆ ಕಾಲೇಜು, ಸಂಜೆ ಕೋಚಿಂಗ್ ತರಗತಿ, ರಾತ್ರಿ ಓದುಬರಹ ಬಲ್ಲ ತಂದೆತಾಯಿಗಳ ಮೇಲ್ವಿಚಾರಣೆ, ಈ ಮೂರರ ಸೌಕರ್ಯದಿಂದ ಮುಂದೆ ಸಾಗುತ್ತಿರುತ್ತಾನೆ. ಅವನ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಇಬ್ಬರ ಶ್ರಮವೂ ಸಮಾನವಾಗಿದ್ದರೂ ಫಲವು ಸಮಾನವಾಗುವುದಿಲ್ಲವೆಂಬುದನ್ನು ಮಾತ್ರ ಹೇಳುತ್ತೇವೆ.

ಈ ಮೊದಲನೆಯ ಬಾಗಿಲಿನಲ್ಲಿಯೇ ಎಷ್ಟು ಮಂದಿ ನಿಂತುಹೋಗುತ್ತಾರೆಂಬುದಕ್ಕೆ ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯೇ ಸಾಕ್ಷಿ. 2021-22ನೆಯ ಸಾಲಿನ ಲೆಕ್ಕದಂತೆ 18ರಿಂದ 23 ವರ್ಷಗಳ ವಯಸ್ಸಿನವರ ಸಂಖ್ಯೆಗೆ ಹೋಲಿಸಿದಲ್ಲಿ ಕಾಲೇಜುಗಳಲ್ಲಿ ದಾಖಲಾದವರ ಪ್ರಮಾಣವು ಭಾರತದಲ್ಲಿ ಶೇಕಡ 28.4, ನಮ್ಮ ರಾಜ್ಯದಲ್ಲಿ ಶೇಕಡ 36.2. ದೇಶದ ಸರಾಸರಿಗಿಂತ ನಾವು ಮುಂದಿದ್ದೇವೆಂಬುದು ಸಂತೋಷವೇ. ಆದರೆ ಸ್ಥೂಲವಾಗಿ ಹೇಳುವುದಾದರೆ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಯುವಕಯುವತಿಯರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತುವುದಿಲ್ಲವೆಂದು ಅರ್ಥ. ಸೀಟುಗಳ ಹಂಚಿಕೆಯನ್ನು ಕುರಿತು ನಾವು ಮಾಡುವ ಜಗಳವು ಉಳಿದ ಮೂರನೆಯ ಒಂದು ಪಾಲಿನವರ ಜಗಳ.

ಇನ್ನು ಎರಡನೆಯ ಬಾಗಿಲು. ಇದರ ಚರಿತ್ರೆಯಲ್ಲಿ ಮೈಸೂರಿಗೆ ವಿಶಿಷ್ಟವಾದ ಸ್ಥಾನವಿದೆ. ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್‌ರವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1919ರಲ್ಲಿ ವರದಿಯು ಬಂದಿತು. ಏಳು ವರ್ಷಗಳೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳದರ್ಜೆಯವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಕೋಮುಗಳವರಿಗೆ ದೊರೆಯಬೇಕೆಂದು ಅದು ಸಲಹೆಮಾಡಿತು. ಆ ಸಮಿತಿಗೆ ವಹಿಸಿದ್ದ ಕಾರ್ಯವು ಹುದ್ದೆಗಳನ್ನು ಹಂಚುವುದಷ್ಟೇ ಆಗಿರಲಿಲ್ಲ. ಹಿಂದುಳಿದವರ ಉನ್ನತ ವಿದ್ಯಾಭ್ಯಾಸಕ್ಕೆ ಯಾವ ವಿಶೇಷ ಸೌಕರ್ಯಗಳನ್ನು ಒದಗಿಸಬೇಕೆಂಬುದೂ ಅದರ ವಿಚಾರಣೆಗೆ ಸೇರಿತ್ತು. ಹುದ್ದೆಯೂ ವಿದ್ಯೆಯೂ ಒಂದೇ ಸರಪಣಿಯ ಕೊಂಡಿಗಳೆಂಬುದನ್ನು ಅಂದಿನವರು ಅರಿತಿದ್ದರೆನ್ನಬೇಕು.

ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಧೋರಣೆಯು ಸಮ್ಮತವಾಗಿರಲಿಲ್ಲ. ಯೋಗ್ಯತೆಯೊಂದೇ ಅಳತೆಯಾಗಬೇಕೆಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ಅಧಿಕಾರವನ್ನು ತ್ಯಜಿಸಿದರು. ಆ ಮಹನೀಯರ ಯೋಗ್ಯತೆಯನ್ನು ಪ್ರಶ್ನಿಸುವ ಮೂಢರಾರೂ ಇಲ್ಲ. ಆದರೆ ಅವರ ಜೀವನಚರಿತ್ರೆಯನ್ನೇ ನೋಡಿದರೆ, ಬಾಲ್ಯದಲ್ಲಿ ತಂದೆಯನ್ನು ಕಳೆದುಕೊಂಡ ಮುದ್ದೇನಹಳ್ಳಿಯ ಆ ಹುಡುಗನಿಗೆ ಬೆಂಗಳೂರಿನಲ್ಲಿ ಸೋದರಮಾವಂದಿರ ಆಶ್ರಯವಿತ್ತು. ಮನೆಪಾಠ ಹೇಳಿ ಸಂಪಾದಿಸುವ ಅವಕಾಶವಿತ್ತು. ಸೆಂಟ್ರಲ್ ಕಾಲೇಜಿನ ಪದವಿಯಾದ ಮೇಲೆ ಪೂನಾ ನಗರದಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನವಿತ್ತು. ಬೀಜವು ಉತ್ತಮವಾದುದೇ, ಆದರೂ ನೀರೆರೆದವರು ಇದ್ದರು. ಯೋಗ್ಯತೆಯೆಂಬುದು ಮನೆಯ ಆಸರೆಯಿಂದಲೂ ಸರ್ಕಾರದ ಆಸರೆಯಿಂದಲೂ ಬೆಳೆಯುವ ವಸ್ತುವೆಂಬುದಕ್ಕೆ ಇದಕ್ಕಿಂತ ಮೇಲಾದ ದೃಷ್ಟಾಂತವು ಬೇಕಿಲ್ಲ.

ಸ್ವಾತಂತ್ರ್ಯಾನಂತರ ಇದೇ ವಿಚಾರವು ನ್ಯಾಯಸ್ಥಾನವನ್ನೇರಿತು. ನಾಗನಗೌಡ ಸಮಿತಿಯ ವರದಿಯನ್ನನುಸರಿಸಿ ಮೈಸೂರು ಸರ್ಕಾರವು 1962ರಲ್ಲಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟುಗಳಲ್ಲಿ ಶೇಕಡ 68ನ್ನು ಕಾಯ್ದಿರಿಸಿತು. ಅದೇ ವರ್ಷ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರು ಅದನ್ನು ರದ್ದುಪಡಿಸಿ, ಮೀಸಲಾತಿಯು ಸಾಮಾನ್ಯವಾಗಿ ಶೇಕಡ 50ಕ್ಕೆ ಒಳಗಿರಬೇಕೆಂದೂ, ಹಿಂದುಳಿದಿರುವಿಕೆಗೆ ಜಾತಿಯೊಂದೇ ಒರೆಗಲ್ಲಾಗಬಾರದೆಂದೂ ತೀರ್ಪಿತ್ತರು. ಅನಂತರದ ಸರ್ಕಾರೀ ಆಜ್ಞೆಯು ವರಮಾನವನ್ನೂ ಕಸುಬನ್ನೂ ಅಳತೆಗೋಲಾಗಿ ತೆಗೆದುಕೊಂಡಿತು. ಜೊತೆಗೆ ಸಂದರ್ಶನಕ್ಕೂ ಅಂಕಗಳನ್ನು ನಿಗದಿಮಾಡಿ, ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಕ್ರೀಡೆ, ಚರ್ಚಾಕೂಟ, ನಾಟಕ ಮುಂತಾದವುಗಳಿಗೂ ಬೆಲೆಕಟ್ಟಿತು. 1964ರ ಚಿತ್ರಲೇಖಾ ಮೊಕದ್ದಮೆಯಲ್ಲಿ ಈ ಏರ್ಪಾಡು ಊರ್ಜಿತವಾಯಿತು. ಒಂದು ಕೈಯಿಂದ ಹಳ್ಳಿಯ ಬಡವನಿಗೆ ಸ್ಥಳವನ್ನು ಕೊಟ್ಟು, ಚರ್ಚಾಕೂಟವನ್ನೇ ಕಾಣದ ಅವನಿಂದ ಇನ್ನೊಂದು ಕೈಯಲ್ಲಿ ಅಂಕಗಳನ್ನು ಕಿತ್ತುಕೊಳ್ಳುವ ಏರ್ಪಾಡು ಇದಾಗಿತ್ತೆಂದು ನಮಗೆ ತೋರುತ್ತದೆ. 1975ರಲ್ಲಿ ಎಲ್.ಜಿ. ಹಾವನೂರರ ಆಯೋಗವು ವರದಿಯನ್ನೊಪ್ಪಿಸಿದ ಬಳಿಕ, ಶ್ರೀ ದೇವರಾಜ ಅರಸರ ಸರ್ಕಾರದ ಕಾಲದಲ್ಲಿ, ಹಿಂದುಳಿದವರೊಳಗೂ ಹೆಚ್ಚು ಹಿಂದುಳಿದವರನ್ನು ಗುರುತಿಸುವ ವರ್ಗೀಕರಣವು ಬಂದಿತು.

ಈಗಿನ ಪದ್ಧತಿಯಾದರೋ 1994ರಿಂದ ನಡೆದುಬಂದಿರುವ ಸಾಮಾನ್ಯ ಪ್ರವೇಶ ಪರೀಕ್ಷೆ. ಎಂಜಿನಿಯರಿಂಗಿಗೆ ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೆ ಅರ್ಧ ಬೆಲೆ, ಸಿ.ಇ.ಟಿ.ಯ ಅಂಕಗಳಿಗೆ ಅರ್ಧ ಬೆಲೆ. ಜಾತಿವರ್ಗಗಳ ಮೀಸಲಾತಿಯಲ್ಲದೆ, ಮೊದಲನೆಯ ತರಗತಿಯಿಂದ ಹತ್ತನೆಯದರವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಎಂದು ಸ್ಥಳಗಳನ್ನು ಒಳಹಂಚಿಕೆಯಿಂದ ಇಡಲಾಗಿದೆ. ಸಂದರ್ಶನವು ಹೋದುದು ಒಳ್ಳೆಯದೇ ಆಯಿತು. ಆದರೆ ಪರೀಕ್ಷೆಯೊಂದೇ ಹೆಬ್ಬಾಗಿಲಾದಂದಿನಿಂದ, ಅದಕ್ಕೆ ಸಿದ್ಧಗೊಳಿಸುವ ಕೋಚಿಂಗ್ ಸಂಸ್ಥೆಗಳು ದಿಡ್ಡಿಬಾಗಿಲುಗಳಾಗಿವೆ. ಅವುಗಳ ಬೀಗದಕೈ ಹಣವುಳ್ಳವರ ಬಳಿ ಇದೆ. ರ್‍ಯಾಂಕು ಬಂದ ಮೇಲೆಯೂ ಯಾವ ಕಾಲೇಜನ್ನು ಮೊದಲು ಬರೆಯಬೇಕು, ಯಾವ ಶಾಖೆಗೆ ಮುಂದೆ ಬೆಲೆಯುಂಟು ಎಂಬ ತಿಳುವಳಿಕೆಯು ಓದಿದವರ ಮನೆಯಲ್ಲಿ ಊಟದ ಹೊತ್ತಿನ ಮಾತು. ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿಗೆ ಹೊರಟವನಿಗೆ ಅದು ಸೈಬರ್ ಅಂಗಡಿಯವನ ಸಲಹೆ.

ಇದು ನಮ್ಮ ದೇಶದ ದೋಷವೊಂದೇ ಅಲ್ಲ. ಅಮೆರಿಕಾ ದೇಶದಲ್ಲಿ ರಾಜ್ ಚೆಟ್ಟಿ ಮೊದಲಾದ ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಪ್ರವೇಶ ಪರೀಕ್ಷೆಯಲ್ಲಿ ಸಮಾನ ಅಂಕಗಳನ್ನು ಪಡೆದವರಲ್ಲಿಯೇ ಅತ್ಯಂತ ಶ್ರೀಮಂತರಾದ ನೂರರಲ್ಲೊಂದು ಪಾಲಿನ ಕುಟುಂಬಗಳ ಮಕ್ಕಳು, ಮಧ್ಯಮವರ್ಗದವರ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಅಲ್ಲಿನ ಅತಿ ಪ್ರಸಿದ್ಧ ವಿಶ್ವವಿದ್ಯಾನಿಲಯಗಳನ್ನು ಸೇರುತ್ತಾರೆ. ಅಲ್ಲಿಯೇ ಓದಿದ ತಂದೆತಾಯಿಗಳ ಮಕ್ಕಳಿಗೆ ತೋರುವ ಪಕ್ಷಪಾತವೂ, ಕ್ರೀಡೆ ಮುಂತಾದ ಪಠ್ಯೇತರ ಯೋಗ್ಯತೆಗಳಿಗೆ ಕೊಡುವ ಮನ್ನಣೆಯೂ ಇದಕ್ಕೆ ಮುಖ್ಯ ಕಾರಣಗಳು. ಯೋಗ್ಯತೆಯ ತವರೆಂದು ನಮ್ಮಲ್ಲಿ ಹಲವರು ಹೊಗಳುವ ದೇಶದ ಸ್ಥಿತಿಯು ಹೀಗಿದೆ.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ಕಡಮೆ ಅಂಕಗಳಿಂದ ಒಳಬಂದವನು ಆ ಸೀಟನ್ನು ವ್ಯರ್ಥಮಾಡುವುದಿಲ್ಲವೆ? ಹೆಲಿಕಾಪ್ಟರಿನ ರೆಕ್ಕೆಯು ತನ್ನನ್ನು ಕೂಡಿಸಿದವನ ಕುಲಗೋತ್ರವನ್ನು ನೋಡಿ ತಿರುಗುತ್ತದೆಯೆ? ಪ್ರಶ್ನೆಯು ನ್ಯಾಯವಾದದ್ದೇ, ಅದಕ್ಕೆ ಉತ್ತರವನ್ನು ಊಹೆಯಿಂದಲ್ಲ, ಪರಿಶೀಲನೆಯಿಂದ ಕೊಡಬೇಕು. ಭಾರತದ ಒಂದು ರಾಜ್ಯದ ಎಂಜಿನಿಯರಿಂಗ್ ಪ್ರವೇಶಕ್ಕೆ 1996ರಲ್ಲಿ ಅರ್ಜಿ ಹಾಕಿದ್ದವರನ್ನು ವರ್ಷಗಳ ಮೇಲೆ ಹುಡುಕಿ ವಿಚಾರಿಸಿದ ಮರಿಯಾನ್ ಬರ್ಟ್ರಾಂಡ್, ರೀಮಾ ಹನ್ನಾ, ಸೆಂಧಿಲ್ ಮುಲ್ಲೈನಾಥನ್ ಎಂಬ ವಿದ್ವಾಂಸರು 2010ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಮೀಸಲಾತಿಯಿಂದ ಒಳಬಂದವರು ಅದರಿಂದ ಹೊರಗುಳಿದವರಿಗಿಂತ ನಿಜವಾಗಿಯೂ ಬಡವರೆಂದೂ, ಅಂಕಗಳು ಬಹಳ ಕಡಮೆಯಿದ್ದರೂ ಪದವಿಯಿಂದ ಅವರ ಸಂಪಾದನೆಯು ಗಣನೀಯವಾಗಿ ಹೆಚ್ಚಿತೆಂದೂ ಅವರು ಕಂಡರು. ಆದಕಾರಣ ಸೀಟು ವ್ಯರ್ಥವಾಯಿತೆಂಬ ಮಾತು ನಿಲ್ಲುವುದಿಲ್ಲ. ಇನ್ನೊಂದು ಪಕ್ಕದ ಸತ್ಯವನ್ನೂ ಅವರು ಮುಚ್ಚಿಡಲಿಲ್ಲ. ಹೊರಗುಳಿದವರಿಗೂ ನಷ್ಟವಾಯಿತು, ಆ ನಷ್ಟವು ಇವರ ಲಾಭಕ್ಕಿಂತ ಹೆಚ್ಚಿನದೆಂದು ಅವರ ಅಂದಾಜು. ಅದಕ್ಕೆ ಕೊಟ್ಟಿರುವ ಕಾರಣಗಳಲ್ಲೊಂದನ್ನು ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕು: ಕೆಳವರ್ಗಗಳಿಂದ ಬಂದ ಪದವೀಧರರಲ್ಲಿ ಎಂಜಿನಿಯರಿಂಗ್ ಕೆಲಸಗಳನ್ನೇ ಪಡೆದವರ ಪ್ರಮಾಣವು ಕಡಮೆಯಾಗಿತ್ತು. ಎಂದರೆ ಎರಡನೆಯ ಬಾಗಿಲನ್ನು ದಾಟಿದವರು ಮೂರನೆಯ ಬಾಗಿಲಿನಲ್ಲಿ ತಡೆದು ನಿಂತರು.

ಅಮೆರಿಕಾದಲ್ಲಿಯೇ 1976ರಲ್ಲಿ ಕಾಲೇಜು ಸೇರಿದವರನ್ನು ಕುರಿತು ಡೇಲ್ ಮತ್ತು ಕ್ರೂಗರ್ ಎಂಬವರು 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಮನನಯೋಗ್ಯ. ಸಮಾನ ಸಾಮರ್ಥ್ಯವುಳ್ಳವರನ್ನು ಹೋಲಿಸಿದಲ್ಲಿ, ಹೆಸರಾಂತ ಕಾಲೇಜಿಗೆ ಹೋದುದರಿಂದ ಸಾಮಾನ್ಯವಾಗಿ ಸಂಪಾದನೆಯು ಹೆಚ್ಚಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಹೆಚ್ಚಿತು. ಉಳ್ಳವರ ಮಗನು ಯಾವ ಕಾಲೇಜಿನಲ್ಲಿ ಓದಿದರೂ ಅವನ ಮನೆತನವು ಅವನನ್ನು ದಡ ಸೇರಿಸುತ್ತದೆ. ಇಲ್ಲದವನ ಮಗನಿಗೆ ಕಾಲೇಜೇ ದೋಣಿ. ಆದ್ದರಿಂದ ಒಳ್ಳೆಯ ಸೀಟು ಯಾರಿಗೆ ಹೆಚ್ಚು ಉಪಯೋಗವಾಗುತ್ತದೆಯೋ ಅವರಿಗೇ ಅದು ಹೆಚ್ಚು ದುರ್ಲಭವಾಗಿರುವುದು ನ್ಯಾಯದೃಷ್ಟಿಯಿಂದ ಮಾತ್ರವಲ್ಲ, ರಾಷ್ಟ್ರದ ಲಾಭನಷ್ಟಗಳ ದೃಷ್ಟಿಯಿಂದಲೂ ಅವಿವೇಕ.

ಮೂರನೆಯ ಬಾಗಿಲಿನ ವಿಚಾರವನ್ನು 2007ರಲ್ಲಿ ಪ್ರಕಟವಾದ ಎರಡು ಪರಿಶೋಧನೆಗಳು ಬಯಲಿಗೆ ತಂದವು. ಸುಖದೇವ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬವರು ಪತ್ರಿಕೆಗಳಲ್ಲಿ ಜಾಹೀರಾದ ಖಾಸಗಿ ಕೆಲಸಗಳಿಗೆ, ಯೋಗ್ಯತೆಗಳೆಲ್ಲವೂ ಸಮನಾಗಿದ್ದು ಹೆಸರು ಮಾತ್ರ ಬೇರೆಯಾಗಿದ್ದ ಅರ್ಜಿಗಳನ್ನು ಕಳುಹಿಸಿದರು. ದಲಿತರ ಹಾಗೂ ಮುಸಲ್ಮಾನರ ಹೆಸರುಗಳಿದ್ದ ಅರ್ಜಿಗಳಿಗೆ ಕರೆ ಬರುವ ಸಂಭವವು ಕಡಮೆಯೆಂದು ಗೊತ್ತಾಯಿತು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್‌ರವರು ದೊಡ್ಡ ಸಂಸ್ಥೆಗಳ ನೇಮಕಾಧಿಕಾರಿಗಳನ್ನೇ ಕಂಡು ಮಾತಾಡಿಸಿದರು. ತಾವು ಯೋಗ್ಯತೆಯನ್ನಲ್ಲದೆ ಬೇರೇನನ್ನೂ ನೋಡುವುದಿಲ್ಲವೆಂದು ಹೇಳಿದ ಆ ಅಧಿಕಾರಿಗಳೇ, ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ಯನ್ನು ವಿಚಾರಿಸುವುದು ಅವಶ್ಯಕವೆಂದೂ ಹೇಳಿದರು. ತಂದೆಯೇನು ಮಾಡುತ್ತಾನೆಂಬ ಪ್ರಶ್ನೆಯು ಅಧಿಕಾರಿಯ ಮಗನಿಗೆ ಆಸನ, ಕೂಲಿಯ ಮಗನಿಗೆ ಮುಳ್ಳು. ಕೈಗೆ ಬಂದ ತುತ್ತು ಬಾಯಿಗೆ ಬಾರದೆಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ.

2024ನೆಯ ಇಸವಿ ಜುಲೈಯಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ದೊರೆಯಬೇಕೆಂಬ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಿಗಳ ವಿರೋಧವುಂಟಾಗಲು ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಕನ್ನಡಿಗರಿಗೆ ಕೆಲಸ ಬೇಕೆಂಬುದರಲ್ಲಿ ನಮಗೆ ಎರಡನೆಯ ಅಭಿಪ್ರಾಯವಿಲ್ಲ. ಆದರೆ ಮೊದಲನೆಯ ಬಾಗಿಲನ್ನು ಮುಚ್ಚಿಟ್ಟು ಮೂರನೆಯದರಲ್ಲಿ ಮಾತ್ರ ಕಾನೂನಿನ ಕೋಲು ಹಿಡಿದು ನಿಂತರೆ, ಸ್ಥಳೀಯರ ಪಾಲನ್ನು ಸ್ಥಳೀಯರೊಳಗಿನ ಅನುಕೂಲಸ್ಥರೇ ತುಂಬಿಕೊಳ್ಳುವರು. ಕಾವಲಿನ ಸುತ್ತಣ ಹಳ್ಳಿಗಳಿಗೆ ದೀಪದ ಬುಡದ ಕತ್ತಲೆಯೇ ಉಳಿಯುವುದು.

ಹಾಗಾದರೆ ಮಾಡಬೇಕಾದುದೇನು? ಮಾರ್ಗವು ಈ ಜಿಲ್ಲೆಗೆ ಹೊಸದಲ್ಲ. ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ದೇಹವಿಡುವವರೆಗೂ ಹತ್ತು ಸಾವಿರದಷ್ಟು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಜಾತಿಮತ ನೋಡದೆ ನಡೆಯಿಸಿದರು. ಆ ಮಠದ ಆಶ್ರಯದಲ್ಲಿಯೇ 1963ರಲ್ಲಿ ಎಂಜಿನಿಯರಿಂಗ್ ಕಾಲೇಜೂ ತಲೆಯೆತ್ತಿತು. ಹಸಿದ ಹೊಟ್ಟೆಗೂ ಎಂಜಿನಿಯರಿಂಗ್ ಪದವಿಗೂ ನಡುವೆ ಇರುವ ದೂರವನ್ನು ಮೊದಲು ಅನ್ನದಿಂದಲೇ ಅಳೆಯಬೇಕೆಂಬುದನ್ನು ಆ ಪೂಜ್ಯರು ಸರ್ಕಾರಕ್ಕಿಂತ ಚೆನ್ನಾಗಿ ಬಲ್ಲವರಾಗಿದ್ದರು.

ನಮ್ಮ ಸೂಚನೆಗಳು ನಾಲ್ಕು. ಮೊದಲನೆಯದಾಗಿ, ಗುಬ್ಬಿ, ಕುಣಿಗಲುಗಳಂತಹ ತಾಲ್ಲೂಕುಗಳ ಸರ್ಕಾರೀ ಪಿ.ಯು. ಕಾಲೇಜುಗಳಲ್ಲಿ ವಿಜ್ಞಾನದ ಉಪಾಧ್ಯಾಯರ ಸ್ಥಾನಗಳು ಒಂದು ದಿನವೂ ಖಾಲಿಯಿರಬಾರದು; ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಮೂರು ತಿಂಗಳು ಪಾಠಗಳನ್ನು ಎರಡು ಭಾಷೆಗಳಲ್ಲಿಯೂ ಹೇಳಬೇಕು. ಎರಡನೆಯದಾಗಿ, ಪ್ರವೇಶ ಪರೀಕ್ಷೆಯ ಸಿದ್ಧತೆಯೂ ಕಾಲೇಜುಗಳ ಆಯ್ಕೆಯ ಸಲಹೆಯೂ ಅದೇ ಕಾಲೇಜಿನಲ್ಲಿ ಧರ್ಮಾರ್ಥವಾಗಿ ದೊರೆಯಬೇಕು. ನೆರೆಯ ತಮಿಳುನಾಡು 2020ರಲ್ಲಿ ಸರ್ಕಾರೀ ಶಾಲೆಗಳಲ್ಲಿ ಓದಿದವರಿಗೆಂದು ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5ನ್ನು ಶಾಸನದ ಮೂಲಕ ಕಾಯ್ದಿರಿಸಿತು. ನಮ್ಮ ಶಾಸನಸಭೆಯವರು ಅದನ್ನು ವಿಮರ್ಶಿಸಿ ನೋಡುವುದು ಯುಕ್ತ. ಮೂರನೆಯದಾಗಿ, ಉದ್ಯೋಗದ ಸಂದರ್ಶನದಲ್ಲಿ ತಂದೆತಾಯಿಗಳ ಕಸುಬನ್ನು ಕೇಳುವ ಪದ್ಧತಿಯು ನಿಲ್ಲಬೇಕು. ಸರ್ಕಾರದಿಂದ ಭೂಮಿಯನ್ನೋ ರಿಯಾಯಿತಿಯನ್ನೋ ಪಡೆದ ಉದ್ಯಮಗಳಿಗಾದರೂ ಇದನ್ನು ಷರತ್ತಾಗಿ ವಿಧಿಸಬಹುದು. ಕಾವಲಿನ ಕಾರ್ಖಾನೆಯವರು ಸುತ್ತಣ ಶಾಲೆಗಳ ಮಕ್ಕಳನ್ನು ಹತ್ತನೆಯ ತರಗತಿಯಿಂದಲೇ ಗುರುತಿಸಿ, ಐ.ಟಿ.ಐ., ಡಿಪ್ಲೊಮಾ, ಪದವಿ ಎಂಬ ಮೂರು ಮಟ್ಟಗಳಲ್ಲಿಯೂ ವಿದ್ಯಾರ್ಥಿವೇತನವನ್ನೂ ತರಬೇತಿಯನ್ನೂ ಕೊಟ್ಟರೆ, ಆ ಭೂಮಿಯ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸಿದಂತಾಗುವುದು.

ನಾಲ್ಕನೆಯದೂ ಮುಖ್ಯವಾದದ್ದೂ ಲೆಕ್ಕ. ಪ್ರತಿಯೊಂದು ಕಾಲೇಜೂ ವರ್ಷಕ್ಕೊಮ್ಮೆ, ತನ್ನಲ್ಲಿ ಸೇರಿದವರಲ್ಲಿ ಹಳ್ಳಿಯವರೆಷ್ಟು, ಕನ್ನಡ ಮಾಧ್ಯಮದವರೆಷ್ಟು, ಮನೆತನಕ್ಕೆ ಮೊದಲ ಪದವೀಧರರಾಗತಕ್ಕವರೆಷ್ಟು, ಅವರಲ್ಲಿ ನಾಲ್ಕು ವರ್ಷಗಳಲ್ಲಿ ತೇರ್ಗಡೆಯಾದವರೆಷ್ಟು, ಓದಿದ ವಿದ್ಯೆಗೆ ತಕ್ಕ ಕೆಲಸವನ್ನು ಪಡೆದವರೆಷ್ಟು ಎಂಬುದನ್ನು ಯಾರ ಹೆಸರನ್ನೂ ಹೇಳದೆ ಪ್ರಕಟಿಸಬೇಕು. ಕಾಲೇಜುಗಳು ಇಂದು ಹೊರಡಿಸುವ ಜಾಹೀರಾತುಗಳಲ್ಲಿ ಅತಿ ಹೆಚ್ಚಿನ ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಭಾವಚಿತ್ರವಿರುತ್ತದೆ. ಉಳಿದವರ ಗತಿಯನ್ನು ಓದುಗನು ಊಹಿಸಿಕೊಳ್ಳಬೇಕು. ಊಹೆಯ ಮೇಲೆ ಮೀಸಲಾತಿಯನ್ನು ಹೊಗಳುವವರೂ, ಊಹೆಯ ಮೇಲೆಯೇ ಅದನ್ನು ತೆಗಳುವವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಲೆಕ್ಕವು ಮುಂದಿದ್ದರೆ ಇಬ್ಬರೂ ಸ್ವಲ್ಪ ಮೆಲ್ಲಗೆ ಮಾತಾಡುವರು. ಸರ್ಕಾರದವರಿಗೂ ಯಾವ ಬಾಗಿಲಿನಲ್ಲಿ ತಡೆಯಿದೆಯೆಂಬುದು ತಿಳಿಯುವುದು.

ಈ ಪತ್ರಿಕೆಯನ್ನು ಓದುವವರಲ್ಲಿ ವಿದ್ಯಾ ಇಲಾಖೆಯವರೂ, ಕಾಲೇಜುಗಳ ಆಡಳಿತ ಮಂಡಲಿಗಳವರೂ, ನೇಮಕ ಮಾಡುವ ಅಧಿಕಾರಿಗಳೂ ಹಲವರಿದ್ದಾರೆ. ತಮ್ಮ ಮಕ್ಕಳಿಗೆ ತಾವು ಏನೇನು ಅನುಕೂಲಗಳನ್ನು ಮಾಡಿಕೊಟ್ಟಿದ್ದಾರೋ ಅದರ ಪಟ್ಟಿಯನ್ನು ಅವರು ಒಮ್ಮೆ ಮನಸ್ಸಿನಲ್ಲಿ ಬರೆದು ನೋಡಲಿ. ತಂದೆಯಾದವನು ಅದನ್ನೆಲ್ಲಾ ಮಾಡುವುದು ತಪ್ಪಲ್ಲ, ಕರ್ತವ್ಯ. ಹಾಗೆ ಮಾಡಲು ಶಕ್ತಿಯಿಲ್ಲದ ತಂದೆಯ ಮಕ್ಕಳಿಗೆ ಅದೇ ಪಟ್ಟಿಯನ್ನು ಪೂರೈಸುವುದು ರಾಷ್ಟ್ರದ ಕರ್ತವ್ಯ. ಬಿದರೆಹಳ್ಳಿ ಕಾವಲಿನಿಂದ ಮೇಲೇರುವ ಹೆಲಿಕಾಪ್ಟರುಗಳ ಸಂಖ್ಯೆಯನ್ನು ಸರ್ಕಾರವು ವರ್ಷವರ್ಷವೂ ಎಣಿಸುವುದು ಸರಿಯೇ. ಆ ಕಾವಲಿನ ಸುತ್ತಣ ಹಳ್ಳಿಗಳಿಂದ ಅದರೊಳಕ್ಕೆ ಎಂಜಿನಿಯರುಗಳಾಗಿ ಕಾಲಿಟ್ಟವರ ಸಂಖ್ಯೆಯನ್ನೂ ಅದರ ಪಕ್ಕದಲ್ಲಿಯೇ ಬರೆಯಬೇಕೆಂದು ನಾವು ಒತ್ತಾಯಪಡಿಸುತ್ತೇವೆ.